ಅಧಿಕ ಮಾಸದ ಮೈಲೇಜು

ಗಂಡಸರಿಗೆ ಐವತ್ತು ದಾಟಿತೆಂದರೆ ಏನಾದರೊಂದು ಅಂಟಿಕೊಳ್ಳುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ರಾಜಕಾರಣ, ಇನ್ನು ಕೆಲವರಿಗೆ ನಸುಕಿನಲ್ಲಿ ಮಾಳಿಗೆ ಹತ್ತಿ ನಿಂತು ಕಾರಣವಿಲ್ಲದೆ ಗಟ್ಟಿಯಾಗಿ ನಗುವ ಯೋಗ. ನಮ್ಮ ಮನೆಯವರಿಗೆ ಅಂಟಿದ್ದು ಮೈಲೇಜು. ಮೊದಮೊದಲು ನಾನು ಸಂತೋಷಪಟ್ಟೆ. ಕುಡಿತವಲ್ಲ, ಇಸ್ಪೀಟಲ್ಲ, ಪೆಟ್ರೋಲು ಉಳಿಸುವ ಚಟ ಅಂದರೆ ಪುಣ್ಯವಂತರ ಚಟ ಎಂದುಕೊಂಡೆ. ನಮ್ಮ ಅತ್ತೆಯವರಂತೂ ಮಗ ದಾರಿಗೆ ಬಂದನೆಂದು ದೇವರಿಗೆ ಕಾಯಿ ಒಡೆಸಿದರು. ಈಗ ಅನಿಸುತ್ತದೆ, ಇಸ್ಪೀಟೇ ವಾಸಿಯಿತ್ತು. ಅದನ್ನು ಮನೆಯ ಹೊರಗೆ ಆಡುತ್ತಾರೆ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡುವುದಿಲ್ಲ.

ಅವರು ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರರು. ನಾನು ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಅಂದರೆ ಹಗಲೆಲ್ಲ ಮಂದಿಯ ಮಕ್ಕಳಿಗೆ ಬುದ್ಧಿ ಹೇಳಿ, ಸಂಜೆ ಮನೆಗೆ ಬಂದು ಅದನ್ನೇ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಂಸಾರ. ನಮ್ಮಲ್ಲೊಂದು ಸಣ್ಣ ಬಿಳಿ ಕಾರಿದೆ. ಅದರಲ್ಲಿ ಭಾರ ಕಡಿಮೆಯಿದ್ದಷ್ಟೂ ಎಣ್ಣೆ ಉಳಿಯುತ್ತದೆಂದು ಎಲ್ಲೋ ಓದಿದ ದಿನದಿಂದ ಅವರು ಕಾರಿನಿಂದ ಒಂದೊಂದೇ ಸಾಮಾನು ಇಳಿಸತೊಡಗಿದರು. ಛತ್ರಿ ಹೋಯಿತು, ಕಾಲೊರೆಸುವ ಚಾಪೆ ಹೋಯಿತು, ನನ್ನ ನೀರಿನ ತಂಬಿಗೆ ಹೋಯಿತು. ಒಂದು ದಿನ ಸ್ಟೇರಿಂಗಿನ ಮುಂದೆ ಕೂತಿದ್ದ ಪಿತ್ತಾಳೆಯ ಗಣಪತಿಯೂ ಎದ್ದು ದೇವರ ಕೋಣೆಗೆ ಬಂದ. "ಭಕ್ತಿ ಐತಿ, ಇಲ್ಲನ್ನಂಗಿಲ್ಲ. ಆದ್ರ ಪಿತ್ತಾಳಿಗೆ ವಜನ್ ಭಾಳ" ಎಂದು ಅಲ್ಲಿ ಗಣಪತಿಯ ಸ್ಟಿಕ್ಕರ್ ಅಂಟಿಸಿದರು. ಆಮೇಲೆ ಒಳಗೆ ಉಳಿದ ಭಾರ ಏನೆಂದು ಕಣ್ಣಾಡಿಸಿ ನನ್ನ ಮೇಲೆ ನಿಲ್ಲಿಸಿದರು. "ಸುಮಿತ್ರಾ, ನಿನ್ನ ವಜನ್ ಈಗ ಎಷ್ಟೈತಿ?" ನಾನು ಹೇಳಿದೆ, "ನನ್ನನ್ನೂ ಇಳಸ್ರಿ. ಇಲ್ಲೊಂದು ನನ್ನ ಸ್ಟಿಕ್ಕರ್ ಅಂಟಸ್ಕೊಂಡ ಹೋಗ್ರಿ." ಅವರು ಒಂದು ಗಳಿಗೆ ಯೋಚಿಸಿದ್ದು ನನಗೆ ಇನ್ನೂ ನೆನಪಿದೆ.

ಇದಕ್ಕೆ ಗುರು ಯಾರೆಂದರೆ ನನ್ನ ನಾದಿನಿಯ ಗಂಡ. ಅವರು ಕೊಲ್ಲಾಪುರದವರು. ನಮ್ಮ ಕಡೆ ಪೆಟ್ರೋಲು ಮಹಾರಾಷ್ಟ್ರಕ್ಕಿಂತ ಅಗ್ಗವಾದ್ದರಿಂದ ನಿಪ್ಪಾಣಿ, ಕಾಗವಾಡದ ಪಂಪುಗಳ ಮುಂದೆ ಆ ಕಡೆಯ ಗಾಡಿಗಳು ಬೆಳಗಾಗುತ್ತಲೇ ಸಾಲುಗಟ್ಟುತ್ತವೆ. ಇವರೂ ಅವರಲ್ಲೊಬ್ಬರು. ಆದರೆ ಬರೀ ಪೆಟ್ರೋಲಿಗೆ ಬಂದೆ ಎಂದು ಒಪ್ಪಿಕೊಳ್ಳುವ ಮನುಷ್ಯರಲ್ಲ. ಟ್ಯಾಂಕು ಖಾಲಿಯಾಗುತ್ತ ಬಂದಂತೆ ಅವರಲ್ಲಿ ಭಾವನ ಮೇಲಿನ ಪ್ರೀತಿ ತುಂಬುತ್ತ ಬರುತ್ತದೆ. "ಕಾಯ್ ವಹಿನಿ, ಲಈ ದಿವಸ ಝಾಲೆ, ಭಾಳ ದಿನಾ ಆತು ನಿಮ್ಮ ಮಾರಿ ನೋಡಿರಲಿಲ್ಲ ಅಂತ ಬಂದೆ" ಎಂದು ಒಳಗೆ ಬಂದು ಊಟ ಮಾಡಿ, ಚಹಾ ಕುಡಿದು, ಟ್ಯಾಂಕು ತುಂಬಿಸಿಕೊಂಡು ಹೋಗುತ್ತಾರೆ. ಬಂದುಹೋಗುವುದಕ್ಕೇ ಎಷ್ಟು ಎಣ್ಣೆ ಸುಡುತ್ತದೆಂದು ಒಮ್ಮೆ ಕೇಳಿದೆ. ಸಂಬಂಧಕ್ಕೆಲ್ಲ ಲೆಕ್ಕ ಹಚ್ಚಬಾರದು ಎಂದರು. ನಮ್ಮವರು ಅವರನ್ನು ಬಾಗಿಲವರೆಗೂ ಕಳಿಸಿ ಬಂದು, "ಶಾಣ್ಯಾ ಮನಷ್ಯಾ" ಎಂದು ಮೆಚ್ಚಿಕೊಂಡರು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹನಿ ಕೂಡಿದ್ದು ಅವರ ಟ್ಯಾಂಕಿನಲ್ಲಿ, ಹಳ್ಳ ಹರಿದದ್ದು ನನ್ನ ಚಹಾಪುಡಿಯ ಡಬ್ಬಿಯಿಂದ.

ಇರಲಿ, ಹೇಳಬೇಕಾದ್ದು ಈ ಬೇಸಿಗೆಯ ಕಥೆ. ಈ ಸಲ ಬೇಸಿಗೆಯ ನಡುವೆಯೇ ಅಧಿಕ ಮಾಸ ಬಂತು. ಮೂರು ವರ್ಷಕ್ಕೊಮ್ಮೆ ಪಂಚಾಂಗದಲ್ಲಿ ಹೆಚ್ಚುವರಿಯಾಗಿ ಬಂದು ಸೇರುವ ಈ ತಿಂಗಳಲ್ಲಿ ನಮ್ಮ ಗಡಿ ಸೀಮೆಯಲ್ಲಿ ಅಳಿಯನಿಗೆ ಎಲ್ಲಿಲ್ಲದ ಬೆಲೆ. ಮಗಳನ್ನೂ ಅಳಿಯನನ್ನೂ ಕರೆಸಿ, ಅವರೇ ಲಕ್ಷ್ಮೀನಾರಾಯಣರೆಂದು ಕಾಲು ತೊಳೆದು, ಆರತಿ ಎತ್ತಿ, ಹೋಳಿಗೆ ಊಟ ಹಾಕಿ, ಮೂವತ್ತಮೂರು ಅನಾರಸ ಕೊಟ್ಟು ಕಳಿಸಬೇಕು. ಅನಾರಸವೆಂದರೆ ಅಕ್ಕಿ ಹಿಟ್ಟು, ಬೆಲ್ಲ ಕಲಸಿ ಗಸಗಸೆ ಹಚ್ಚಿ ತುಪ್ಪದಲ್ಲಿ ಕರಿದ ತಿನಿಸು. ತಿಂದವರಿಗೆ ಅದರ ರುಚಿ ಹೇಳಬೇಕಿಲ್ಲ, ತಿನ್ನದವರಿಗೆ ಹೇಳಿ ಹೊಟ್ಟೆ ಉರಿಸುವುದು ಬೇಡ. ಈಗ ನೀವೇ ಯೋಚಿಸಿರಿ. ಮೂರು ವರ್ಷ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತಿಡಲೂ ಸೊಂಟನೋವು ಹೇಳುವ ಮನುಷ್ಯ ಒಂದು ತಿಂಗಳ ಮಟ್ಟಿಗೆ ನಾರಾಯಣನಾಗುತ್ತಾನೆ. ಲಕ್ಷ್ಮಿ ಆ ತಿಂಗಳಲ್ಲೂ ಪಾತ್ರೆ ತಿಕ್ಕುತ್ತಾಳೆ.

ನನ್ನ ತವರು ಅಥಣಿಯ ಆಚೆ ಐಗಳಿ. ಅಲ್ಲಿ ಅಪ್ಪ, ಅವ್ವ, ಅಣ್ಣನ ಸಂಸಾರ ಎಲ್ಲ ಕೂಡಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದಾರೆ. ಅಪ್ಪನಿಗೆ ಈ ಅಧಿಕ ಮಾಸದಲ್ಲಿ ಒಂದು ಹಟ. ಅಳಿಯ ಉಣ್ಣುವ ತನಕ ತಾನು ತುತ್ತು ಮುಟ್ಟುವುದಿಲ್ಲ. ಮೈಯಲ್ಲಿ ಸಕ್ಕರೆ ಕಾಯಿಲೆ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಉಣ್ಣಬೇಕಾದ ಮನುಷ್ಯ ಹೀಗೆ ಹಟ ಹಿಡಿದು ಕೂತರೆ ಏನಾಗುತ್ತದೆಂಬುದನ್ನು ಹೋದ ಸಲ ನೋಡಿದ್ದೇವೆ. ಹೋದ ಸಲ ಅಧಿಕ ಮಾಸ ಶ್ರಾವಣದಲ್ಲಿ ಬಂದಿತ್ತು. ಜಿಟಿಜಿಟಿ ಮಳೆ, ಮೈನಡುಗುವ ಗಾಳಿ. ಅಂಥ ತಂಪಿನಲ್ಲಿ ನಮ್ಮ ಕಾರಿನ ರೇಡಿಯೇಟರು ಅಥಣಿ ರಸ್ತೆಯ ನಡುವೆ ಕುದ್ದು ಬುಸುಗುಟ್ಟಿ ನಿಂತಿತು. ನಾವು ಐಗಳಿ ಮುಟ್ಟಿದಾಗ ಸಂಜೆಯಾಗಿತ್ತು. ಅಪ್ಪ ಹೊಸ್ತಿಲವರೆಗೆ ಎದ್ದು ಬಂದು, "ಬರ್ರಿ ಅಳಿಯಂದ್ರ" ಎಂದವನೇ ಬಾಗಿಲ ಚೌಕಟ್ಟು ಹಿಡಿದು ಕುಸಿದ. ಆ ರಾತ್ರಿ ನಾರಾಯಣನ ಪೂಜೆ ಅಥಣಿಯ ಆಸ್ಪತ್ರೆಯಲ್ಲಿ ನಡೆಯಿತು. ಅಪ್ಪನ ಕೈಗೆ ಸಲಾಯಿನ್ ಹಚ್ಚಿದ್ದರು. ನಾನು ಮಂಚದ ಪಕ್ಕ ಕೂತು ಅತ್ತಿದ್ದನ್ನು ಈಗ ವಿನೋದವಾಗಿ ಬರೆಯಲು ಬರುವುದಿಲ್ಲ. ಅಂದು ನಮ್ಮವರು ರಾತ್ರಿಯಿಡೀ ಸಲಾಯಿನ್ ಬಾಟಲಿ ನೋಡುತ್ತ ನಿಂತಿದ್ದರು. ಅಪ್ಪ ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಹಟ ಬಿಡು ಎಂದು ಕೈಮುಗಿದು ಕೇಳಿದೆ. "ಮೂರ ವರ್ಷಕ್ಕ ಒಂದ ದಿನ ಬರತೈತಿ ಯವ್ವಾ. ಮುಂದಿನ ಅಧಿಕಕ್ಕ ನಾ ಇರತೀನೋ ಇಲ್ಲೋ" ಎಂದ.

ಆದ್ದರಿಂದ ಈ ಸಲ ಉರಿಬೇಸಿಗೆಯಲ್ಲಿ ಅಧಿಕ ಮಾಸ ಬರುತ್ತದೆಂದು ತಿಳಿದಾಗ ನಮ್ಮವರು ಯುದ್ಧಕ್ಕೆ ಅಣಿಯಾದವರಂತೆ ಕಾರಿಗೆ ಗಂಟುಬಿದ್ದರು. ರೇಡಿಯೇಟರು ತೊಳೆಸಿ ಹೊಸ ಕೂಲಂಟು ಹಾಕಿಸಿದರು. ಬ್ಯಾಟರಿಯ ಮೂತಿಗೆ ಹತ್ತಿದ ಬಿಳಿ ಪುಡಿಯನ್ನು ನನ್ನ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರು. ಅದು ಹಳೆಯದಾಗಿರಲಿಲ್ಲ ಎಂಬುದು ಮರುದಿನ ಬೆಳಗ್ಗೆ ಗೊತ್ತಾಯಿತು. ಏರ್ ಫಿಲ್ಟರನ್ನು ಬಿಚ್ಚಿ ಅಂಗಳದ ಕಲ್ಲಿಗೆ ಬಡಿದರು. ಅದರಿಂದ ಹೊರಬಿದ್ದ ಧೂಳಿನಲ್ಲಿ ಚಿಕ್ಕೋಡಿಯಿಂದ ಕೊಲ್ಲಾಪುರದವರೆಗಿನ ಎಲ್ಲ ಊರ ಮಣ್ಣೂ ಇತ್ತು. ಟೈರಿನ ಗಾಳಿಯನ್ನು ತಂಪು ಹೊತ್ತಿನಲ್ಲೇ ನೋಡಬೇಕಂತೆ. ಅದಕ್ಕೆ ನಸುಕಿನಲ್ಲೆದ್ದು, ಹಲ್ಲುಜ್ಜುವ ಮೊದಲು ನಾಲ್ಕೂ ಗಾಲಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಗೇಜು ಹಚ್ಚಿ ನೋಡುತ್ತಿದ್ದರು. ಸ್ಟೆಪ್ನಿಯ ಗಾಳಿಯನ್ನೂ ಬಿಡಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೆ ಜ್ವರ ಬಂದಾಗ ಅವರು ಇಷ್ಟು ಸಲ ಹಣೆ ಮುಟ್ಟಿ ನೋಡಿದ್ದು ನೆನಪಿಲ್ಲ. ಆದರೂ ಆಗ ನಾನು ಬಾಯಿ ಬಿಡಲಿಲ್ಲ. ಅಪ್ಪ ಕುಸಿದದ್ದು ಅವರ ಕಣ್ಣ ಮುಂದೆ ಇತ್ತು ಎಂಬುದು ನನಗೆ ಗೊತ್ತಿತ್ತು.

ಕಾರು ಸಜ್ಜಾಯಿತು. ಅಲ್ಲಿಗೇ ಬಿಟ್ಟಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಹೊರಡುವ ಹಿಂದಿನ ದಿನ ಅವರಿಗೆ ಮೈಲೇಜಿನ ದೇವರು ಮೈಮೇಲೆ ಬಂದ. "ಸುಮಿತ್ರಾ, ಎಂಜಿನ್ ಒಮ್ಮಿ ಕಾಯ್ತಂದ್ರ ಅದ ಕಾವಿನ್ಯಾಗ ಎಲ್ಲಾ ಕೆಲಸ ಮುಗಸಬೇಕು. ಬ್ಯಾರೆ ಬ್ಯಾರೆ ಹೋದ್ರ ಎಣ್ಣಿ ದಂಡ. ಅಂಕಲ್ಯಾಗ ನಿಮ್ಮ ಮಾಮಾರ ಮೊಣಕಾಲ ಆಪರೇಶನ್ ಆಗೈತಿ, ನೋಡಾಕ ಹೋಗಿಲ್ಲ. ಕುಡಚ್ಯಾಗ ಖಾದರ್ ಚಾಚಾ ಹೊಸಾ ಮನಿ ಕಟ್ಯಾರ, ಹೋಗಿಲ್ಲ. ಒಂದ ಸುತ್ತಿನ್ಯಾಗ ಮೂರೂ ಮುಗಸೂಣು."

ನಾನು ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟೆ. "ಬ್ಯಾಡ್ರಿ. ಅಧಿಕ ಮಾಸದಾಗ ಅಳಿಯಾ ಅನಿಸ್ಕೊಂಡಾಂವ ಮನಿ ಬಾಗಲಿಗೆ ಬಂದ್ರ ಯಾರೂ ಹಂಗ ಬಿಡೂದಿಲ್ಲ. ಅಪ್ಪ ಅಲ್ಲೆ ಉಪಾಸ ಕುಂತಿರತಾನ."

"ಹತ್ತ ಮಿನೀಟ. ನಾ ಗಾಡಿಯಿಂದ ಇಳಿಯಂಗ ಸೈತ ಇಲ್ಲ."

ಇಷ್ಟು ಹೇಳಿ ಹಾಯಾಗಿ ಮಲಗಿದರು. ಮಲಗುವ ಮುಂಚೆ ಇನ್ನೊಂದು ಘನಕಾರ್ಯ ಮಾಡಿದರು. ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿದರೆ ಪೆಟ್ರೋಲು ಆವಿಯಾಗುತ್ತದೆಂದು ಅವರ ನಂಬಿಕೆ. ಅದಕ್ಕೆ ಅಂಕಲಿಯ ಮಾಮಾನಿಗೂ ಕುಡಚಿಯ ಚಾಚಾನಿಗೂ ತಾವೇ ಫೋನು ಹಚ್ಚಿ, "ನಾಳೆ ಬರಾಕತ್ತೀವ್ರಿ. ಬಾಗಲ ಮುಂದ ಬೇವಿನ ಗಿಡದ ನೆಳ್ಳಾಗ ನಮ್ಮ ಗಾಡಿಗೆ ಜಾಗಾ ಇಡ್ರಿ" ಎಂದು ಹೇಳಿದರು. ಅಧಿಕ ಮಾಸದಲ್ಲಿ ಅಳಿಯ ತಾನಾಗಿ ಬರುತ್ತೇನೆಂದು ಮುಂಗಡ ತಿಳಿಸಿದರೆ ಹೆಣ್ಣಿನ ಕಡೆಯವರು ಗಾಡಿಗಷ್ಟೇ ಜಾಗ ಇಡುತ್ತಾರೆಂದು ಈ ವಿಜ್ಞಾನಿ ತಿಳಿದಿದ್ದ.

ಮರುದಿನ ಮುಂಜಾನೆ ಹೊರಟೆವು. ನಾನು ಅಂದು ಮನಸ್ಸಿನಲ್ಲೇ ಸಂಕಲ್ಪ ಮಾಡಿದೆ: ಅಪ್ಪ ಉಣ್ಣುವ ತನಕ ನಾನೂ ಉಣ್ಣುವುದಿಲ್ಲ, ಚಹಾ ಸಹಿತ ಬೇಡ. ಇನ್ನು ಅವರ ನೇಮ: ಏ.ಸಿ. ಹಾಕುವಂತಿಲ್ಲ, ಎಣ್ಣೆ ಕುಡಿಯುತ್ತದೆ. ಕಿಡಕಿ ತೆಗೆದು ಜೋರಾಗಿ ಹೋಗುವಂತಿಲ್ಲ, ಗಾಳಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಆದ್ದರಿಂದ ಕಿಡಕಿ ತೆಗೆದು ನಿಧಾನ ಹೋಗಬೇಕು. ಎಷ್ಟು ನಿಧಾನವೆಂದರೆ ಸಗಣಿ ಗೊಬ್ಬರ ಹೇರಿದ ಟ್ರ್ಯಾಕ್ಟರು ನಮ್ಮನ್ನು ದಾಟಿ ಮುಂದೆ ಹೋಯಿತು, ಆಮೇಲೆ ಅದರ ಸುವಾಸನೆಯಲ್ಲೇ ಅಂಕಲಿಯವರೆಗೆ ಪಯಣ. ಬ್ರೇಕು ಒತ್ತಿದರೆ ಸುಟ್ಟ ಪೆಟ್ರೋಲು ವ್ಯರ್ಥವಾಯಿತೆಂದು ಅವರ ಜೀವ ಹೋಗುತ್ತದೆ. ಹೀಗಾಗಿ ದೂರದಲ್ಲಿ ಎಮ್ಮೆ ಕಂಡರೂ ಎಕ್ಸಲರೇಟರಿನಿಂದ ಕಾಲು ತೆಗೆದು, "ದಾಟ ಬೇ, ಲಗೂನ ದಾಟ" ಎಂದು ಅದನ್ನು ಬೇಡಿಕೊಳ್ಳುತ್ತಾರೆ. ಎಮ್ಮೆಗೆ ಮೈಲೇಜಿನ ಚಿಂತೆಯಿಲ್ಲ. ಅದು ನಡುರಸ್ತೆಯಲ್ಲಿ ನಿಂತು ನಮ್ಮನ್ನು ನೋಡಿತು.

ಅಂಕಲಿಯಲ್ಲಿ ಮಾಮಾ, ಅಂದರೆ ಅವ್ವನ ತಮ್ಮ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕೋಲು ಊರುತ್ತ ಬೇವಿನ ಗಿಡದ ಕೆಳಗೇ ಕಾಯುತ್ತಿದ್ದ. ಅವನ ಹಿಂದೆ ಮಾಮಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಒಳಗಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ನಮ್ಮವರು ಸ್ಟೇರಿಂಗು ಬಿಡದೆ, "ಇಳಿಯಂಗಿಲ್ರಿ ಮಾಮಾ, ಐಗಳಿಗೆ ಹೊತ್ತಾಗತೈತಿ" ಎಂದರು.

"ಅಳಿಯಂದ್ರ," ಮಾಮಾ ಕೋಲನ್ನು ಕಾರಿನ ಬಾಗಿಲಿಗೆ ಆನಿಸಿದ, "ನಮ್ಮ ಅಕ್ಕನ ಮಗಳನ್ನ ನಿಮಗ ಕೊಟ್ಟೀವಿ. ಅಧಿಕ ಮಾಸದಾಗ ಬಾಗಲ ಮುಂದ ಬಂದ ನಾರಾಯಣಗ ಬರೇ ನೆಳ್ಳ ಕೊಟ್ಟ ಕಳಸಿದ್ರ ನಾಳಿ ನಾ ಊರಾಗ ಹೆಂಗ ತಿರಗಾಡ್ಲಿ?"

ಆ ಮೊಣಕಾಲಿನಲ್ಲಿ ಅವನು ಹೇಗಿದ್ದರೂ ತಿರುಗಾಡುವಂತಿರಲಿಲ್ಲ, ಆದರೆ ಅದನ್ನು ಹೇಳುವ ಧೈರ್ಯ ನಮ್ಮವರಿಗೆ ಬರಲಿಲ್ಲ. ಇಳಿದರು. ಕಾಲು ತೊಳೆಸಿಕೊಂಡರು. ಎಲೆಯ ಮುಂದೆ ಕೂತರು. ನಮ್ಮ ಕಡೆ ಬಡಿಸುವವರ ಎದುರು ಬೇಡವೆಂದು ಕೈ ಅಡ್ಡ ಹಿಡಿದರೆ ಒಂದರ ಬದಲು ಎರಡು ಬೀಳುತ್ತವೆ. ನಮ್ಮವರು ಎರಡೂ ಕೈ ಅಡ್ಡ ಹಿಡಿದರು. ನನಗೆ ಮಾಮಿ ಸೀರೆ ಉಡಿಸಿ, ಉಡಿ ತುಂಬಿ, ಮಲ್ಲಿಗೆ ಮುಡಿಸಿ ಊಟಕ್ಕೆ ಕರೆದಳು. "ಅಪ್ಪ ಉಣ್ಣದ ನಾ ಉಣ್ಣಂಗಿಲ್ಲ ಮಾಮಿ" ಎಂದು ಗಂಭೀರವಾಗಿ ಹೇಳಿದೆ. ಮಾಮಿಯ ಕಣ್ಣಲ್ಲಿ ನೀರು ಬಂತು. ನನಗೂ ನನ್ನ ಮೇಲೆ ಸ್ವಲ್ಪ ಗೌರವ ಹುಟ್ಟಿತು.

ಹಿತ್ತಲಿಗೆ ಹೋಗಿ ಅಪ್ಪನಿಗೆ ಫೋನು ಹಚ್ಚಿದೆ. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದಿದ್ದವು. "ಅಪ್ಪಾ, ತಡಾ ಆಗತೈತಿ. ನಿನ್ನ ಅಳಿಯಂದ್ರು ಇಲ್ಲೆ ಅಂಕಲ್ಯಾಗ ಹೋಳಿಗಿ ಉಣ್ಣಾಕ ಕುಂತಾರ" ಎಂದೆ. ಅಪ್ಪ, "ಹೌದಾ? ಉಣ್ಣಾಕತ್ತಾರ? ಭಾಳ ಚಲೋ ಆತು ತಗೋ. ನಿಧಾನ ಬರ್ರಿ" ಎಂದು ಫೋನು ಇಟ್ಟ. ಎಂಥ ದೊಡ್ಡ ಮನಸ್ಸು ನನ್ನ ಅಪ್ಪನದು ಎಂದು ನಾನು ಹಿತ್ತಲ ಕಲ್ಲಿನ ಮೇಲೆ ಕೂತು ಕಣ್ಣೊರೆಸಿಕೊಂಡೆ.

ಅಂಕಲಿ ಬಿಡುವಾಗ ಕಾರಿನಲ್ಲಿ ಒಂದು ತಾಮ್ರದ ಕೊಡ, ಒಂದು ದೊಡ್ಡ ಬೆಲ್ಲದ ಪೆಂಟೆ ಮತ್ತು ಬೆಲ್ಟು ಸಡಿಲಿಸಿಕೊಂಡ ನಾರಾಯಣ ಇದ್ದರು. ಕುಡಚಿಯಲ್ಲಿ ಖಾದರ್ ಚಾಚಾ ಹೊಸ ಮನೆಯ ಮೆಟ್ಟಿಲ ಮೇಲೆ ನಿಂತಿದ್ದರು. ನಮ್ಮ ತೋಟದ ಒಣದ್ರಾಕ್ಷಿಯನ್ನು ಮೊದಲಿನಿಂದಲೂ ಕೊಳ್ಳುವ ವ್ಯಾಪಾರಿ, ಅಪ್ಪನ ಜೀವದ ಗೆಳೆಯ. ನನ್ನನ್ನು ಎತ್ತಿ ಆಡಿಸಿದವರು. ನಾನು ಕಾರಿನಿಂದಿಳಿಯುತ್ತಲೇ ಕೈಮುಗಿದೆ. "ಚಾಚಾ, ಅಧಿಕ ಮಾಸ ಅಂತ ಅಂಕಲ್ಯಾಗ ಭಾಳ ತಡಾ ಆತ್ರಿ. ನಿಮ್ಮಲ್ಲಿ ಅದೆಲ್ಲ ಇಲ್ಲಲ್ರಿ, ಮನಿ ನೋಡಿ ಹೋಗಿಬಿಡ್ತೀವಿ."

"ಹೌದ ಬೇಟಿ, ನಮ್ಮಲ್ಲಿ ಅಧಿಕ ಮಾಸ ಇಲ್ಲ" ಎಂದರು ಚಾಚಾ. "ಆದ್ರ ಅಳಿಯಂದ್ರು ಅದಾರ. ಬರ್ರಿ ಜಮಾಯಿರಾಜಾ."

ಜಮಾಯಿರಾಜನಿಗೆ ಬಟ್ಟಲುಗಟ್ಟಲೆ ಹಾಲಿನ ಖೀರು, ಪೂರಿ, ಕೊಯ್ದ ಮಾವಿನ ಹಣ್ಣು. ಅವರು ಮೊದಲ ಬಟ್ಟಲನ್ನು ನಗುತ್ತ ಮುಗಿಸಿದರು, ಎರಡನೆಯದನ್ನು ಸುಮ್ಮನೆ ಮುಗಿಸಿದರು, ಮೂರನೆಯದನ್ನು ನನ್ನ ಮುಖ ನೋಡುತ್ತ ಮುಗಿಸಿದರು. ನಾನು ಅಲ್ಲಿಯೂ ನನ್ನ ಒಪ್ಪತ್ತಿನ ಭಾಷಣ ಮಾಡಿದೆ. ಚಾಚಾ, "ಅಪ್ಪಗ ತಕ್ಕ ಮಗಳು" ಎಂದು ತಲೆ ಮೇಲೆ ಕೈಯಿಟ್ಟರು. ನನಗೆ ಆಗಲೇ ಕಣ್ಣು ಕತ್ತಲೆ ಬರುತ್ತಿತ್ತು. ಹೊಸ ಸೀರೆ, ತಲೆ ತುಂಬ ಹೂವು, ಹೊಟ್ಟೆಯಲ್ಲಿ ಏನೂ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ವರ್ಷಾ ವರ್ಷಾ ಮಕ್ಕಳಿಗೆ ವಿವರಿಸುತ್ತೇನೆ. ಇನ್ನು ಮುಂದೆ ವಿವರಿಸುವ ಅಗತ್ಯವಿಲ್ಲ, ಅಂದಿನ ನನ್ನ ಫೋಟೋ ತೋರಿಸಿದರೆ ಸಾಕು. ಚಾಚಾ ನದಿ ದಂಡೆಯ ಕಲ್ಲಂಗಡಿಗಳನ್ನು ತಾವೇ ನಿಂತು ಡಿಕ್ಕಿಯಲ್ಲಿ ಹಾಕಿಸಿದರು. ಒಂದೊಂದು ಹಣ್ಣು ಇಳಿದಂತೆ ಕಾರಿನ ಹಿಂಭಾಗ ಸ್ವಲ್ಪ ಸ್ವಲ್ಪ ಕೂರುತ್ತಿತ್ತು. ಮನೆಯಿಂದ ಛತ್ರಿ ಸಹಿತ ತರದ ಮನುಷ್ಯ ಅದನ್ನು ನೋಡುತ್ತ ನಿಂತಿದ್ದರು.

ಕೃಷ್ಣಾ ಸೇತುವೆ ದಾಟಿದ ಮೇಲೆ ನಾನು ಬಾಯಿ ಬಿಟ್ಟೆ. ಏನೇನು ಅಂದೆ ಎಂಬುದೆಲ್ಲ ಇಲ್ಲಿ ಬೇಡ. ನಿಮ್ಮ ಒಂದು ಲೋಟ ಪೆಟ್ರೋಲಿಗಾಗಿ ನನ್ನ ಅಪ್ಪ ಮತ್ತೆ ಆಸ್ಪತ್ರೆ ಸೇರಿದರೆ ಈ ಗಾಡಿಯನ್ನು ಕೃಷ್ಣೆಗೆ ದಬ್ಬುತ್ತೇನೆ ಎಂದದ್ದು ಮಾತ್ರ ನೆನಪಿದೆ. ಅವರು ಕಿಡಕಿ ಏರಿಸಿದರು, ಏ.ಸಿ. ಹಾಕಿದರು, ಎಕ್ಸಲರೇಟರು ಒತ್ತಿದರು. ನಮ್ಮ ಕಾರು ಇಷ್ಟು ಜೋರಾಗಿ ಓಡಬಲ್ಲದೆಂದು ನನಗೆ ಅಂದೇ ಗೊತ್ತಾದದ್ದು. ಹಂಪ್ ಬಂದಲ್ಲೆಲ್ಲ ಹಿಂದೆ ಕಲ್ಲಂಗಡಿಗಳು ಗುಡುಗಿದವು. ರೇಡಿಯೇಟರು ಕುದಿಯಲಿಲ್ಲ, ಟೈರು ಸಿಡಿಯಲಿಲ್ಲ. ಸತ್ಯ ಹೇಳಬೇಕು, ಅವರ ತಯಾರಿಯಲ್ಲಿ ಲೋಪವಿರಲಿಲ್ಲ.

ಐಗಳಿ ಮುಟ್ಟಿದಾಗ ನಡುಮಧ್ಯಾಹ್ನ ದಾಟಿತ್ತು. ನಾನು ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದು ಓಡಿದೆ. ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ಮುಖ ಗೆಲುವಾಗಿತ್ತು. ನಾವು ಬಂದೆವೆಂಬ ಖುಷಿಗೆ ಹಸಿವನ್ನು ನುಂಗಿಕೊಂಡಿದ್ದಾನೆ ಎಂದು ನನಗೆ ಇನ್ನಷ್ಟು ಸಂಕಟವಾಯಿತು. "ಲಗೂನ ಎಲಿ ಹಾಕ ಅವ್ವಾ" ಎಂದು ಕೂಗಿದೆ. ಹರಿವಾಣದಲ್ಲಿ ಕಾಲು ತೊಳೆಯುವುದು, ಆರತಿ ಎಲ್ಲ ಮುಗಿದು ಮಾವ, ಅಳಿಯ ಅಕ್ಕಪಕ್ಕ ಕೂತರು. ಎಲೆಯ ಮೇಲೆ ಹೋಳಿಗೆ, ಮಾವಿನ ಹಣ್ಣಿನ ಸೀಕರಣೆ, ತುಪ್ಪ, ಅನಾರಸ. ನಮ್ಮವರು ಅದನ್ನು ನೋಡಿದ ರೀತಿ ನೋಡಬೇಕಿತ್ತು. ಬೆಳಗಿನಿಂದ ಎರಡು ಮನೆಯ ಅಕ್ಕರೆ ಗಂಟಲವರೆಗೆ ತುಂಬಿತ್ತು.

"ಉಣ್ರಿ ಅಳಿಯಂದ್ರ, ನೀವು ಮೊದಲ ತುತ್ತು ಹಾಕ್ಕೋರಿ" ಎಂದ ಅಪ್ಪ.

ನಮ್ಮವರು ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರು ಕಣ್ಣು ಮುಚ್ಚಿ ತುತ್ತು ಬಾಯಿಗಿಟ್ಟರು. ಒಂದು ಹೋಳಿಗೆ ತಿಂದರು. ಅವ್ವ ಇನ್ನೊಂದು ಹಾಕಿದಳು, ಅದನ್ನೂ ತಿಂದರು. ಹಣೆಯಿಂದ ಬೆವರು ಇಳಿಯುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು, ಆದರೆ ಎಲೆ ಬಿಟ್ಟು ಏಳಲಿಲ್ಲ. ಅವರು ನನ್ನ ಅಪ್ಪನಿಗಾಗಿ ಉಣ್ಣುತ್ತಿದ್ದರು. ಬೆಳಗಿನಿಂದ ಮನಸ್ಸಿನಲ್ಲಿ ಬೈದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡೆ. ಆ ಗಳಿಗೆಯಲ್ಲಿ ಅವರ ಮೇಲೆ ನಿಜವಾಗಿಯೂ ಪ್ರೀತಿ ಬಂತು.

ಅಪ್ಪ ಒಂದು ಚೂರು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, ಎಲೆ ಹಿಂದಕ್ಕೆ ಸರಿಸಿದ. "ಸಾಕಾತು."

ನಾನು ಅವನ ಹತ್ತಿರ ಓಡಿದೆ. "ಅಪ್ಪಾ, ಯಾಕ? ತಲಿ ತಿರಗಾಕತ್ತೈತೇನ? ಅವ್ವಾ, ಗುಳಿಗಿ ತಾ."

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗಹತ್ತಿದಳು. "ಏನೂ ಆಗಿಲ್ಲ ತಗೋ ಅವಗ. ನಿನ್ನ ಫೋನ್ ಇಟ್ಟಾಂವನ ಕೈ ತೊಳಕೊಂಡ ಕುಂತಾ. ಎರಡ ರೊಟ್ಟಿ, ಬದನಿಕಾಯಿ ಪಲ್ಯಾ, ಮ್ಯಾಲ ಮಜ್ಜಗಿ. ಅವಗ ನೀಡಿ ನಾನೂ ಉಂಡೆ."

ನಾನು ಅಪ್ಪನ ಮುಖ ನೋಡಿದೆ. ಅವನಿಗೆ ಎಳ್ಳಷ್ಟೂ ನಾಚಿಕೆಯಿರಲಿಲ್ಲ. "ಅಳಿಯಾ ಉಣ್ಣೂತನಾ ಉಣ್ಣಂಗಿಲ್ಲ ಅಂತ ನನ್ನ ನೇಮ. ಅಂಕಲ್ಯಾಗ ಉಣ್ಣಾಕತ್ತಾರ ಅಂತ ನೀನ ಹೇಳಿದಿ. ಎಲ್ಲಿ ಉಂಡರೇನವಾ, ಅಳಿಯಾ ಉಂಡಾನಲ್ಲ? ನನ್ನ ನೇಮ ಮುಗೀತು."

ಎಲೆಯ ಮುಂದಿನಿಂದ ನಮ್ಮವರು ಬಹಳ ಕಷ್ಟಪಟ್ಟು ತಲೆಯೆತ್ತಿದರು. "ಬರೋಬ್ಬರಿ ಐತಿ ಮಾವಾರ. ಒಂದ ಸುತ್ತಿನ್ಯಾಗ ಎರಡ ಕೆಲಸ" ಎಂದರು. ಗಂಡಸರಿಬ್ಬರೂ ಒಬ್ಬರಿಗೊಬ್ಬರು ತಲೆ ಆಡಿಸಿದರು. ಇವರಿಬ್ಬರನ್ನು ನಾನು ಇಷ್ಟು ವರ್ಷ ಬೇರೆ ಬೇರೆ ಮನುಷ್ಯರೆಂದು ತಿಳಿದಿದ್ದೆ.

ಆಗ ನನಗೆ ಬಂದ ಸಿಟ್ಟು ಯಾರ ಮೇಲೆ ಎಂಬುದು ನನಗೇ ಗೊತ್ತಿಲ್ಲ. ಅಳಿಯ ಮೂರು ಮನೆಯಲ್ಲಿ ಉಂಡಿದ್ದ. ಮಾವ ಹೊತ್ತಿಗೆ ಸರಿಯಾಗಿ ಉಂಡಿದ್ದ. ಅವ್ವನೂ ಉಂಡಿದ್ದಳು. ಬೆಳಗಿನಿಂದ ಹನಿ ಚಹಾ ಇಲ್ಲದೆ ಖಾಲಿ ಟ್ಯಾಂಕಿನಲ್ಲಿ ಓಡಿದ್ದು ನಾನೊಬ್ಬಳೇ. ಅವ್ವ, "ಬಾ, ಕುಂದರ, ನೀನೂ ಉಣ್ಣ" ಎಂದಳು. "ನನಗ ಹಸಿವಿಲ್ಲ" ಎಂದೆ. ಇನ್ನೊಮ್ಮೆ ಕರೆದಳು. ಇನ್ನೊಮ್ಮೆ ಹಾಗೇ ಅಂದೆ. ನಮ್ಮ ಕಡೆ ಮೂರನೆಯ ಸಲ ಕರೆಯುವುದು ರೂಢಿ, ನಾನು ಅದಕ್ಕಾಗಿಯೇ ಕಾಯುತ್ತಿದ್ದೆ. ಅವ್ವ, "ಹಂಗಾದ್ರ ಒಯ್ಯಾಕ ಕಟ್ತೀನಿ ಬಿಡು" ಎಂದು ಒಳಗೆ ಹೋದಳು.

ಸಂಜೆ ಹೊರಡುವಾಗ ಅಪ್ಪ ಕಾರಿನ ಕಿಡಕಿಯ ಹತ್ತಿರ ಬಂದು ನನ್ನ ಕೈ ಹಿಡಿದ. "ಸಿಟ್ಟಾಗಬ್ಯಾಡ ಯವ್ವಾ. ಹೋದ ಸಲ ದವಾಖಾನ್ಯಾಗ ನೀ ಅತ್ತದ್ದ ಕಣ್ಣಿಗೆ ಕಟ್ಟೇತಿ. ಇನ್ನೊಮ್ಮಿ ನಿನಗ ಅಳಸಬಾರದಂತ ಉಂಡೆ." ಅವನ ಕೈ ಬೆಚ್ಚಗಿತ್ತು, ಗಟ್ಟಿಯಾಗಿತ್ತು. ಹಾಗಾದರೆ ಮುಂದಿನ ಅಧಿಕಕ್ಕೂ ಹೀಗೇ ಉಣ್ಣು ಎಂದೆ. ಸಿಟ್ಟೆಲ್ಲ ಅಲ್ಲೇ ಇಳಿಯಿತು. ಹಸಿವು ಮಾತ್ರ ಇಳಿಯಲಿಲ್ಲ. ಆದರೆ ಇಷ್ಟಾದ ಮೇಲೆ ಒಳಗೆ ಹೋಗಿ ಒಂದು ರೊಟ್ಟಿ ಕೊಡು ಎಂದು ಕೇಳುವುದು ಹೇಗೆ?

ವಾಪಸು ಬರುವಾಗ ಮುಂದಿನ ಸೀಟಿನಲ್ಲಿ ತಾಮ್ರದ ಕೊಡ ಬೆಲ್ಟು ಹಾಕಿಕೊಂಡು ಕೂತಿತ್ತು. ನಾನು ಹಿಂದೆ, ಒಂದು ಬದಿಗೆ ಒಣದ್ರಾಕ್ಷಿಯ ಚೀಲ, ಇನ್ನೊಂದು ಬದಿಗೆ ಬೆಲ್ಲ, ಕಾಲ ಕೆಳಗೆ ಜೋಳದ ಗಂಟು, ತೊಡೆಯ ಮೇಲೆ ಅನಾರಸದ ಡಬ್ಬಿ. ಅಥಣಿ ದಾಟುವವರೆಗೆ ನಮ್ಮವರ ಬಾಯಲ್ಲಿ ಒಂದೇ ಮಾತು. "ಇಷ್ಟ ವಜನ್ ಹಾಕ್ಕೊಂಡ ಹೋದ್ರ ಮೈಲೇಜ್ ಎಲ್ಲಿ ಬರಬೇಕ, ನೀನ ಹೇಳ."

ನಾನು ಡಬ್ಬಿಯ ಮುಚ್ಚಳ ತೆಗೆದೆ. ಒಂದು ತಿಂದೆ. ಇನ್ನೊಂದು ತಿಂದೆ. ತುಪ್ಪದ ವಾಸನೆ ಮುಂದಿನ ಸೀಟಿಗೆ ಹೋಗಿರಬೇಕು, ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಚಿಂತಿ ಮಾಡಬ್ಯಾಡ್ರಿ" ಎಂದೆ, ಮೂರನೆಯದನ್ನು ಕೈಗೆ ತೆಗೆದುಕೊಳ್ಳುತ್ತ. "ನಿಮ್ಮ ಗಾಡಿ ವಜನ್ ಕಡಿಮಿ ಮಾಡಾಕತ್ತೀನಿ."

ವಿಜ್ಞಾನದ ಮಾಸ್ತರರು ಮುಂದಿನ ಹಂಪನ್ನು ಬ್ರೇಕು ಒತ್ತದೆ ದಾಟಿಸಿದರು. ಆಮೇಲೆ ಬಹಳ ಸಮಾಧಾನದಿಂದ ಹೇಳಿದರು: "ಅನಾರಸ ಡಬ್ಬಿಯಿಂದ ಇಳದಾವ ಸುಮಿತ್ರಾ. ಗಾಡಿಯಿಂದ ಇಳದಿಲ್ಲ."

ಇದಕ್ಕೆ ತಕ್ಕ ಉತ್ತರ ನನ್ನಲ್ಲಿತ್ತು. ಬಾಯಿ ತುಂಬ ಅನಾರಸವಿದ್ದುದರಿಂದ ಕೊಡಲಾಗಲಿಲ್ಲ.